ಬಸ್‌ಬಾರ್ ಕಾಯುತ್ತಿದೆ, ಮೋಟಾರು ಸುಡುತ್ತಿದೆ: ತಪ್ಪು ತಾಮ್ರದ್ದೇ ಎಂದು ಪತ್ತೆ ಮಾಡುವ ಬಗೆ

ತುಮಕೂರಿನ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕಡೆ ಪ್ಯಾನಲ್ ಬೋರ್ಡ್ ಕಟ್ಟುವವರು, ಶಿರಾ, ಪಾವಗಡದ ಕಡೆ ಬೋರ್‌ವೆಲ್ ಮೋಟಾರು ರೀವೈಂಡಿಂಗ್ ಮಾಡುವವರು, ಫ್ಯಾಕ್ಟರಿಗಳ ಮೆಂಟೆನೆನ್ಸ್ ನೋಡಿಕೊಳ್ಳುವವರು ಒಂದಲ್ಲ ಒಂದು ದಿನ ಈ ಮಾತು ಕೇಳಿರುತ್ತಾರೆ: "ತಾಮ್ರವೇ ಸರಿಯಿಲ್ಲ ಸಾರ್, ಮಿಕ್ಸಿಂಗ್ ಮಾಲು ಕೊಟ್ಟಿದ್ದಾರೆ." ತಾಮ್ರ ಮಾರಿದವನು ಸರ್ಟಿಫಿಕೇಟ್ ತೋರಿಸುತ್ತಾನೆ, ಅದರಲ್ಲಿ 99.9 ಎಂದಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೂ ಬಸ್‌ಬಾರ್, ಅಂದರೆ ಪ್ಯಾನಲ್ಲಿನೊಳಗೆ ಕರೆಂಟು ಹಂಚುವ ತಾಮ್ರದ ಪಟ್ಟಿ, ಬಿಸಿಯಾಗಿ ಕಾಯುತ್ತಲೇ ಇರುತ್ತದೆ. ಅಲ್ಲಿ ಸಿಕ್ಕಿಬಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

99.9 ಅನ್ನುವುದು ಅರ್ಧ ಉತ್ತರ. ಉಳಿದ 0.1ರಲ್ಲಿ ಏನಿದೆ, ಆ ತಾಮ್ರದಿಂದ ನೀವು ಮಾಡುವ ಕೆಲಸ ಯಾವುದು, ಇವೆರಡು ಸೇರಿದರೆ ಮಾತ್ರ ಪೂರ್ತಿ ಉತ್ತರ. ನಾವು ಚಿನ್ನದ ಲೆಕ್ಕಕ್ಕೆ ಒಗ್ಗಿಹೋದವರು. 916 ಎಂದರೆ ಮುಗಿಯಿತು, ಬೆಲೆ ಕಟ್ಟಬಹುದು. ತಾಮ್ರಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಶೇ. 99.90 ಇರುವ ಒಂದು ತಾಮ್ರ ಕರೆಂಟನ್ನು ನೂರಕ್ಕೆ ನೂರು ಹರಿಸಿದರೆ, ಅದೇ 99.90 ಇರುವ ಇನ್ನೊಂದು ಎಂಬತ್ತೈದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಣ್ಣಿಗೆ ಎರಡೂ ಒಂದೇ ಕೆಂಪು, ಒಂದೇ ಹೊಳಪು.

ಮೊದಲು ತಾಮ್ರವನ್ನು ಬಿಟ್ಟು ಉಳಿದದ್ದು ನೋಡಿ

ಬಾರ್ ಕಾಯುತ್ತಿದೆ ಎಂಬ ದೂರು ಬಂದಾಗ ಮೊದಲು ಗಮನಿಸಬೇಕಾದದ್ದು ಎಲ್ಲಿ ಕಾಯುತ್ತಿದೆ ಎಂಬುದನ್ನು. ಥರ್ಮಲ್ ಕ್ಯಾಮೆರಾ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬಾರಿನ ಮೇಲೆ ಅಲ್ಲಲ್ಲಿ ತಾಪ ತೋರಿಸುವ ಸ್ಟಿಕ್ಕರ್ ಅಂಟಿಸಿ ಒಂದು ಶಿಫ್ಟು ಲೋಡಿನಲ್ಲಿ ಬಿಡಿ. ಹೊಳೆಯುವ ತಾಮ್ರದ ಮೇಲೆ ಇನ್‌ಫ್ರಾರೆಡ್ ಗನ್ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪು ಹಚ್ಚಿ, ಟೇಪಿನ ಮೇಲೆ ಗುರಿಯಿಡಿ. ಸ್ಟಿಕ್ಕರಾಗಲಿ ಟೇಪಾಗಲಿ ಹಚ್ಚುವುದು ಲೈನ್ ತೆಗೆದು, ಸತ್ತಿದೆ ಎಂದು ಟೆಸ್ಟರ್ ಇಟ್ಟು ಖಚಿತ ಮಾಡಿಕೊಂಡು, ಬ್ರೇಕರಿಗೆ ಬೀಗ ಹಾಕಿದ ಮೇಲೆ. ಇದರಲ್ಲಿ ರಿಯಾಯಿತಿ ಬೇಡ.

ಬಿಸಿ ಒಂದು ಜಾಯಿಂಟಿನ ಸುತ್ತಲೇ ಇದ್ದು ಎರಡೂ ಕಡೆ ಸರಿದಂತೆ ಇಳಿಯುತ್ತಿದ್ದರೆ ತಾಮ್ರದ ದರ್ಜೆಯನ್ನು ಬಯ್ಯಬೇಡಿ. ಬೋಲ್ಟು ಸಡಿಲಾಗಿದೆ, ವಾಷರ್ ತಪ್ಪು ಹಾಕಿದ್ದಾರೆ, ಮುಖಗಳ ಮೇಲೆ ಆಕ್ಸೈಡ್ ಕಟ್ಟಿದೆ, ತೂತು ಕೊರೆದ ಕಡೆ ಬರ್ರ್ ಎದ್ದು ಎರಡು ಬಾರ್ ಪೂರ್ತಿ ಅಪ್ಪಿಕೊಂಡಿಲ್ಲ, ಇಲ್ಲವೇ ಅಲ್ಯುಮಿನಿಯಂ ಕೇಬಲ್ಲಿಗೆ ತಾಮ್ರ, ಅಲ್ಯುಮಿನಿಯಂ ಎರಡೂ ಸೇರಿದ ಬೈಮೆಟಲ್ ಲಗ್ ಹಾಕಿಲ್ಲ. ಒಂದು ಫೇಸಿನ ಬಾರ್ ಮಾತ್ರ ಉದ್ದಕ್ಕೂ ಬಿಸಿಯಿದ್ದರೆ ಕ್ಲಾಂಪ್ ಮೀಟರ್ ಹಾಕಿ, ಲೋಡು ಒಂದೇ ಕಡೆ ಬಿದ್ದಿರುತ್ತದೆ. ನ್ಯೂಟ್ರಲ್ ಬಾರ್ ಕಾಯುತ್ತಿದ್ದರೆ ಆ ಪ್ಯಾನಲ್‌ನ ಕೆಳಗೆ ಎಷ್ಟು ಡ್ರೈವ್, ಎಲ್‌ಇಡಿ, ಯುಪಿಎಸ್ ಇವೆ ಎಂದು ಎಣಿಸಿ. ಇವು ಕರೆಂಟಿನ ಅಲೆಯನ್ನು ಕೆಡಿಸಿ ಹುಟ್ಟಿಸುವ ಹಾರ್ಮೋನಿಕ್ಸ್‌ನಲ್ಲಿ ಮೂರರ ಗುಣಕದವು ಬಂದು ಕೂಡುವುದು ನ್ಯೂಟ್ರಲ್‌ನಲ್ಲೇ.

ಮೂರೂ ಫೇಸಿನ ಬಾರ್‌ಗಳು ತುದಿಯಿಂದ ತುದಿಗೆ ಒಂದೇ ಸಮ ಕಾಯುತ್ತಿವೆ, ಕರೆಂಟು ಡಿಸೈನಿನ ಒಳಗೇ ಇದೆ ಎಂದರೆ ಮಾತ್ರ ಅನುಮಾನ ಲೋಹದ ಕಡೆ ತಿರುಗಲಿ. ಆಗಲೂ ಒಂದು ಅಂದಾಜು ಮಾಡಿಕೊಳ್ಳಿ. ವಾಹಕತೆ, ಅಂದರೆ ಕರೆಂಟನ್ನು ಹರಿಯಬಿಡುವ ಗುಣ, 100 ಇರಬೇಕಾದಲ್ಲಿ 85 ಇದ್ದರೆ ಅದೇ ಕರೆಂಟಿಗೆ ಹುಟ್ಟುವ ಶಾಖ ಸುಮಾರು ಶೇ. 18 ಹೆಚ್ಚುತ್ತದೆ. ಸುತ್ತಲಿನ ಗಾಳಿಗಿಂತ 50 ಡಿಗ್ರಿ ಮೇಲಿರಬೇಕಾದ ಬಾರ್ 57–58 ಡಿಗ್ರಿ ಮೇಲಿರುತ್ತದೆ, ಅಷ್ಟೆ. ನಿಮ್ಮ ಬಾರ್ ಅದರ ದುಪ್ಪಟ್ಟು ಕಾಯುತ್ತಿದ್ದರೆ, ಬಣ್ಣ ಕಪ್ಪಗೆ ತಿರುಗಿ ಸ್ಲೀವ್ ಸುಟ್ಟಿದ್ದರೆ, ದರ್ಜೆಯ ವ್ಯತ್ಯಾಸ ಒಂದರಿಂದಲೇ ಅದು ಆಗಿರಲಾರದು. ಜಾಯಿಂಟು, ಬಾರಿನ ಅಳತೆ, ಗಾಳಿಯ ದಾರಿ, ಇವುಗಳಲ್ಲಿ ಏನೋ ಇದೆ. ಫ್ಯಾನ್ ಫಿಲ್ಟರಿನಲ್ಲಿ ಧೂಳು ಗಟ್ಟಿಯಾಗಿ ಕೂತಿದ್ದಕ್ಕೆ ತಾಮ್ರದವನ ಜೊತೆ ಜಗಳ ಆಡುವುದನ್ನು ನಾನು ಒಪ್ಪುವುದಿಲ್ಲ.

ದರ್ಜೆಗಳು: ಉಳಿದ 0.1ರ ಕಥೆ

ಎಲ್ಲದಕ್ಕೂ ತಾಯಿ ಕ್ಯಾಥೋಡ್. ವಿದ್ಯುದ್ವಿಭಜನೆಯಿಂದ ಬರುವ ಈ ಹಲಗೆಗಳ ಶುದ್ಧತೆ ಶೇ. 99.99ರ ಮಟ್ಟದ್ದು. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ದರ ನಿಗದಿಯಾಗುವುದೂ ಇದಕ್ಕೇ. ಇದನ್ನು ಕರಗಿಸಿ 8 ಮಿ.ಮೀ. ಸರಳಾಗಿ ಎಳೆದರೆ ನಮ್ಮವರು ಸಿಸಿ ರಾಡ್ ಎನ್ನುವ ಮಾಲು. ಅಲ್ಲಿ ಬರುವ ಸಾಮಾನ್ಯ ದರ್ಜೆ ಇಟಿಪಿ, ಅಮೆರಿಕದ ಸಂಖ್ಯೆಯಲ್ಲಿ ಸಿ11000. ಅಂಗಡಿಗಳಲ್ಲಿ ಇಸಿ ಗ್ರೇಡ್ ಎಂದು ಕೇಳಿದರೆ ಕೊಡುವುದು ಬಹುಪಾಲು ಇದನ್ನೇ. ತಾಮ್ರ ಕನಿಷ್ಠ ಶೇ. 99.90, ವಾಹಕತೆ ಮೆತ್ತಗಿನ ಸ್ಥಿತಿಯಲ್ಲಿ ಕನಿಷ್ಠ 100.

ಈ ನೂರು ಎಂಬುದು ಐಎಸಿಎಸ್ ಅಳತೆ. 1913ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಹಾಕಿಕೊಟ್ಟ ಗೆರೆ ಅದು: ಒಂದು ಮೀಟರ್ ಉದ್ದ, ಒಂದು ಚದರ ಮಿ.ಮೀ. ದಪ್ಪದ ತಂತಿಗೆ 20 ಡಿಗ್ರಿಯಲ್ಲಿ 0.017241 ಓಮ್. ಅಂದಿಗಿಂತ ಇಂದಿನ ತಾಮ್ರ ಶುದ್ಧವಾಗಿರುವುದರಿಂದ ಒಳ್ಳೆಯ ಇಟಿಪಿ 101 ತೋರಿಸುವುದೂ ಉಂಟು. ನೂರಕ್ಕಿಂತ ಮೇಲೆ ಬಂತು ಎಂದು ಮೀಟರನ್ನು ಅನುಮಾನಿಸಬೇಕಿಲ್ಲ.

99.99ರ ಕ್ಯಾಥೋಡ್ ತಂದು ಮಾಡಿದ ಬಾರಿನಲ್ಲಿ 99.95 ಬಂದರೆ ಕೆಲವರು ಮೋಸ ಎನ್ನುತ್ತಾರೆ. ಅದು ಮೋಸವಲ್ಲ. ಕರಗಿಸುವಾಗ ಬೇಕೆಂದೇ ಸ್ವಲ್ಪ ಆಮ್ಲಜನಕ ಉಳಿಸಿಕೊಳ್ಳುತ್ತಾರೆ, ಸಾಮಾನ್ಯವಾಗಿ ಶೇ. 0.02ರಿಂದ 0.04. ಕಬ್ಬಿಣದಂಥ ಕಲ್ಮಶಗಳು ತಾಮ್ರದ ಹರಳಿನೊಳಗೆ ಬೆರೆತು ಕೂತರೆ ಎಲೆಕ್ಟ್ರಾನುಗಳ ದಾರಿಗೆ ಅಡ್ಡ. ಆಮ್ಲಜನಕ ಅವನ್ನು ಹಿಡಿದು ಆಕ್ಸೈಡ್ ಮಾಡಿ ಬದಿಗೆ ಸರಿಸುತ್ತದೆ, ತಾಮ್ರದ ದಾರಿ ಸ್ವಚ್ಛವಾಗುತ್ತದೆ. ಹೀಗೆ ಶುದ್ಧತೆಯ ಅಂಕಿ ಇಳಿದರೂ ವಾಹಕತೆ ಇಳಿಯುವುದಿಲ್ಲ. ಇಡೀ ವಿಷಯದ ತಿರುಳು ಇಲ್ಲಿದೆ.

ಅದೇ ಆಮ್ಲಜನಕವನ್ನು ತೆಗೆಯಲು ರಂಜಕ ಹಾಕಿದರೆ ಬರುವುದು ಡಿಎಚ್‌ಪಿ, ಸಿ12200. ಎಸಿ, ಫ್ರಿಜ್, ಗ್ಯಾಸ್ ಪೈಪುಗಳ ತಾಮ್ರ ಇದು. ಇದರಲ್ಲೂ ತಾಮ್ರ ಕನಿಷ್ಠ 99.9. ರಂಜಕ ಬರೀ ಶೇ. 0.015ರಿಂದ 0.040. ಅಷ್ಟು ಚೂರಿಗೆ ವಾಹಕತೆ ಸುಮಾರು 85ಕ್ಕೆ ಇಳಿಯುತ್ತದೆ. ಇಷ್ಟೇ ತೂಕದ ಬೆಳ್ಳಿ ಬೆರೆತಿದ್ದರೆ ವಾಹಕತೆಗೆ ಹೆಚ್ಚುಕಡಿಮೆ ಏನೂ ಆಗುತ್ತಿರಲಿಲ್ಲ. ಆದ್ದರಿಂದಲೇ ಸರ್ಟಿಫಿಕೇಟಿನಲ್ಲಿ ಬೆಳ್ಳಿಯನ್ನು ತಾಮ್ರದ ಜೊತೆಗೇ ಕೂಡಿಸಿ ಬರೆಯುವ ಪದ್ಧತಿಯಿದೆ. ರಂಜಕ, ಕಬ್ಬಿಣ, ಆರ್ಸೆನಿಕ್, ಸಿಲಿಕಾನ್ ವಾಹಕತೆಯನ್ನು ಬಲವಾಗಿ ತಿನ್ನುವ ಗುಂಪು. ಅಷ್ಟೇ ತೂಕದ ಸತು ಅಷ್ಟು ಹಾನಿ ಮಾಡುವುದಿಲ್ಲ.

ಮೂರನೆಯದು ಆಮ್ಲಜನಕವೂ ಇಲ್ಲದ, ರಂಜಕವೂ ಇಲ್ಲದ ತಾಮ್ರ. ಸಿ10200 ಎಂದರೆ 99.95, ಸಿ10100 ಎಂದರೆ 99.99, ಅದರಲ್ಲಿ ಆಮ್ಲಜನಕ 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಭಾಗ) ಮೀರುವಂತಿಲ್ಲ. ಬೆಲೆ ಹೆಚ್ಚು. ಪ್ಯಾನಲ್ ಬೋರ್ಡಿಗೆ ಇದು ಬೇಕೆಂದು ಯಾರಾದರೂ ಒತ್ತಾಯಿಸಿದರೆ ಕಾರಣ ಕೇಳಿ. ವಾಹಕತೆಯಲ್ಲಿ ಸಿಗುವ ಲಾಭ ಒಂದು ಶೇಕಡ ಇದ್ದರೆ ಹೆಚ್ಚು. ನಿರ್ವಾತದ ಉಪಕರಣ, ಹೈಡ್ರೋಜನ್ ಕುಲುಮೆಯಲ್ಲಿ ಬ್ರೇಜ್ ಆಗುವ (ನಡುವೆ ಬೇರೆ ಲೋಹ ಕರಗಿಸಿ ಬೆಸೆಯುವ) ಭಾಗ, ಇಂಥ ಕಡೆ ಮಾತ್ರ ಅದಕ್ಕೆ ಕೊಡುವ ಹಣ ಸಾರ್ಥಕ.

ಅಳೆದು ನೋಡುವುದು

ಮಲ್ಟಿಮೀಟರಿನಲ್ಲಿ ಬಸ್‌ಬಾರಿನ ಓಮ್ ನೋಡಲು ಹೋಗಬೇಡಿ. 50×6 ಮಿ.ಮೀ. ಬಾರಿನ ಒಂದು ಮೀಟರಿಗೆ ಇರುವುದು 57.5 ಮೈಕ್ರೋ ಓಮ್. ಮೀಟರಿನ ಪ್ರೋಬ್ ವೈರಿನದ್ದೇ ಅದರ ಸಾವಿರಾರು ಪಟ್ಟು ಇರುತ್ತದೆ. ಬೇಕಾದದ್ದು ನಾಲ್ಕು ತಂತಿಯ ಮೈಕ್ರೋ ಓಮ್ ಮೀಟರ್. ಕರೆಂಟ್ ಕ್ಲಿಪ್ಪುಗಳು ತುದಿಯಲ್ಲಿ, ವೋಲ್ಟೇಜ್ ಮುಳ್ಳುಗಳು ಅವುಗಳಿಂದ ಒಂದು ಗೇಣು ಒಳಗೆ. ಮುಳ್ಳಿನಿಂದ ಮುಳ್ಳಿಗೆ ನಿಖರವಾಗಿ ಒಂದು ಮೀಟರ್ ಗುರುತು ಹಾಕಿ. ಮೀಟರ್ ಇಲ್ಲದವರು ಡಿಸಿ ವೆಲ್ಡಿಂಗ್ ಸೆಟ್ಟಿನಿಂದ 100 ಆಂಪ್ಸ್ ಹರಿಸಿ, ಡಿಸಿ ಅಳೆಯುವ ಕ್ಲಾಂಪ್ ಮೀಟರಿನಿಂದ ಕರೆಂಟನ್ನೂ ಒಳ್ಳೆಯ ಮಲ್ಟಿಮೀಟರಿನಿಂದ ಮಿಲಿವೋಲ್ಟನ್ನೂ ಓದಬಹುದು. ಸರಿಯಾದ ತಾಮ್ರಕ್ಕೆ 5.75 ಮಿಲಿವೋಲ್ಟ್ ಹತ್ತಿರ ಬರಬೇಕು. ಬಾರ್ ಕಾಯುವ ಮೊದಲು ಓದಿ ನಿಲ್ಲಿಸಿ.

ತಾಪದ ತಿದ್ದುಪಡಿ ಮರೆತರೆ ಒಳ್ಳೆಯ ಮಾಲೂ ಕಳಪೆಯಾಗಿ ಕಾಣುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.393 ಏರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟ್ ಮಾಡಿನ ಶೆಡ್ಡಿನಲ್ಲಿ ಬಾರ್ 35 ಡಿಗ್ರಿ ಇದ್ದರೆ ಓದಿದ ಅಂಕಿ ಶೇ. 6ರಷ್ಟು ಹೆಚ್ಚಿರುತ್ತದೆ. ಅಂದರೆ 57.5ರ ಬದಲು 61. ಅದನ್ನು 1.059ರಿಂದ ಭಾಗಿಸಿ 20 ಡಿಗ್ರಿಗೆ ತನ್ನಿ. ಬಾರನ್ನು ರಾತ್ರಿಯೆಲ್ಲ ಒಳಗೆ ಇಟ್ಟು ಬೆಳಗ್ಗೆ ಅಳೆದರೆ ಬಾರಿನ ತಾಪವೂ ಕೋಣೆಯ ತಾಪವೂ ಒಂದೇ ಇರುತ್ತವೆ, ತಲೆನೋವು ಕಡಿಮೆ.

ತಿದ್ದಿದ ಮೇಲೆ 57–59 ಮೈಕ್ರೋ ಓಮ್ ಬಂದರೆ ಲೋಹ ಸರಿಯಿದೆ. ಗಟ್ಟಿಯಾಗಿ ಎಳೆದ ಬಾರಿನ ವಾಹಕತೆ 97–98ಕ್ಕೆ ಇಳಿಯುವುದು ಸಹಜ, ಅದನ್ನು ಕಲ್ಮಶ ಎಂದು ಎಣಿಸಬೇಡಿ. 67–68 ಮೈಕ್ರೋ ಓಮ್ ಬಂದರೆ ಡಿಎಚ್‌ಪಿ ಅನುಮಾನ. ರೋಧ ನೂರು ದಾಟಿದರೆ ಅದು ತಾಮ್ರವೇ ಅಲ್ಲ, ಮಿಶ್ರಲೋಹ. 70:30 ಹಿತ್ತಾಳೆಯ ವಾಹಕತೆ 28 ಮಾತ್ರ.

ಆದರೆ 62 ಬಂದರೆ? ಇಲ್ಲೇ ಎಲ್ಲರೂ ಎಡವುವುದು. ಲೋಹ ಕಳಪೆಯೋ, ಬಾರ್ ತೆಳುವೋ? 50×6 ಎಂದು ಮಾರಿದ್ದು 49.3×5.7 ಇರಬಹುದು, ಮೂಲೆಗಳು ದುಂಡಗಿರಬಹುದು. ವರ್ನಿಯರ್ ಇಟ್ಟು ಹತ್ತು ಕಡೆ ಅಳೆಯುವುದಕ್ಕಿಂತ ತೂಕ ಹಾಕುವುದು ಲೇಸು. ತಾಮ್ರದ ಸಾಂದ್ರತೆ 8.89, ಹಾಗಾಗಿ ಪೂರ್ತಿ 50×6 ಇದ್ದರೆ ಒಂದು ಮೀಟರ್ ತುಂಡು 2.667 ಕಿಲೋ ತೂಗಬೇಕು.

ಇದಕ್ಕಿಂತ ಚೆನ್ನಾದ ಒಂದು ಲೆಕ್ಕವಿದೆ, ಪ್ರತಿ ವರ್ಕ್‌ಶಾಪಿನ ಗೋಡೆಯ ಮೇಲೂ ಬರೆದಿಡಬೇಕಾದದ್ದು. ರೋಧವನ್ನು ಓಮ್‌ನಲ್ಲಿ, ಅಷ್ಟೇ ಉದ್ದದ ತೂಕವನ್ನು ಗ್ರಾಮಿನಲ್ಲಿ ತೆಗೆದುಕೊಂಡು ಗುಣಿಸಿ. ಬಂದದ್ದನ್ನು ಉದ್ದದ ವರ್ಗದಿಂದ, ಅಂದರೆ ಮೀಟರಿನಲ್ಲಿರುವ ಉದ್ದವನ್ನು ಅದರಿಂದಲೇ ಗುಣಿಸಿದ ಸಂಖ್ಯೆಯಿಂದ, ಭಾಗಿಸಿ. ಶುದ್ಧ ತಾಮ್ರಕ್ಕೆ 20 ಡಿಗ್ರಿಯಲ್ಲಿ ಯಾವಾಗಲೂ 0.1533. ಬಾರ್ ದಪ್ಪವಿರಲಿ ತೆಳುವಿರಲಿ, ತಂತಿ ಚೌಕವಿರಲಿ ದುಂಡಗಿರಲಿ, ಅಗಲ ದಪ್ಪ ಲೆಕ್ಕಕ್ಕೇ ಬರುವುದಿಲ್ಲ. ತೆಳುವಾದರೆ ರೋಧ ಏರುತ್ತದೆ, ತೂಕ ಅಷ್ಟೇ ಇಳಿಯುತ್ತದೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಲೋಹದ ಗುಣ ಮಾತ್ರ.

ಉತ್ತರ 0.153ರಿಂದ 0.158ರ ಒಳಗಿದ್ದರೆ ಲೋಹ ಚೆನ್ನಾಗಿದೆ. ಆಗಲೂ ರೋಧ ಹೆಚ್ಚಿದ್ದರೆ ನಿಮಗೆ ತೆಳು ಮಾಲು ಬಂದಿದೆ, ದೂರನ್ನು ಅಳತೆಯ ಮೇಲೆ ಕೊಡಿ. 0.18 ಬಂದರೆ ರಂಜಕದ ತಾಮ್ರ ಇಲ್ಲವೇ ಸರಿಯಾಗಿ ಶುದ್ಧಿ ಮಾಡದ ಗುಜರಿ ತಾಮ್ರ. 0.09–0.10 ಬಂದರೆ ಹೊರಗೆ ತಾಮ್ರ ಒಳಗೆ ಅಲ್ಯುಮಿನಿಯಂ, ಅಂದರೆ ಸಿಸಿಎ ತಂತಿ. ಅಂಕಿ ಕಡಿಮೆ ಬಂತು ಎಂದು ಹಿಗ್ಗಬೇಡಿ. ಅಲ್ಯುಮಿನಿಯಂ ಹಗುರ, ಆದ್ದರಿಂದ ಈ ಲೆಕ್ಕದಲ್ಲಿ ಅದು ಕೆಳಗೆ ಬೀಳುತ್ತದೆ. ಪೂರ್ತಿ ಅಲ್ಯುಮಿನಿಯಂಗೆ 0.076.

ವೈಂಡಿಂಗ್ ತಂತಿ ಮತ್ತು ಬೋರ್‌ವೆಲ್ ಮೋಟಾರು

ರೀವೈಂಡಿಂಗ್ ಅಂಗಡಿಗಳಿಗೆ ಮೇಲಿನ ಲೆಕ್ಕ ವರ. ರೀಲಿನಿಂದ 50 ಮೀಟರ್ ಬಿಚ್ಚಿ, ತೂಗಿ, ನಾಲ್ಕು ತಂತಿಯ ಮೀಟರಿನಲ್ಲಿ ರೋಧ ಓದಿ. 1 ಮಿ.ಮೀ. ತಂತಿಗೆ 349 ಗ್ರಾಂ, 1.098 ಓಮ್ ಬರಬೇಕು. ಇನಾಮಲ್ ತೂಕ ಸೇರುವುದರಿಂದ ಈ ದಪ್ಪದ ತಂತಿಗೆ ಶೇ. 2–3 ಹೆಚ್ಚು ಬಂದರೆ ಗಾಬರಿ ಬೇಡ, ಸಣ್ಣ ತಂತಿಗೆ ಇನ್ನೂ ಸ್ವಲ್ಪ ಹೆಚ್ಚು. ಇನಾಮಲ್ ಸುಟ್ಟು ತೆಗೆದು ತೂಗಬೇಡಿ. ತಾಮ್ರವೂ ಕಪ್ಪಾಗಿ ಸಿಪ್ಪೆ ಏಳುತ್ತದೆ, ತೂಕ ಕೆಡುತ್ತದೆ. ವ್ಯಾಸ ಶೇ. 3 ಕಡಿಮೆಯಾದರೆ ತಾಮ್ರ ಶೇ. 6 ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ. ಮೈಕ್ರೋಮೀಟರಿನಲ್ಲಿ ಇನಾಮಲ್ ಸೇರಿಸಿ ಅಳೆದವರಿಗೆ ಈ ಕೊರತೆ ಕಾಣುವುದೇ ಇಲ್ಲ.

ಸಿಸಿಎ ಅನುಮಾನ ಬಂದರೆ ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಮುಗಿಯಿತು. ಲೈಟರ್ ಇಟ್ಟು ಪರೀಕ್ಷಿಸುವವರಿದ್ದಾರೆ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ತಾಮ್ರ 1085ಕ್ಕೆ. ಸಣ್ಣ ತಂತಿಯಲ್ಲಿ ವ್ಯತ್ಯಾಸ ಕಾಣುತ್ತದೆ, ಆದರೂ ಕೆರೆಯುವುದೇ ಸುಲಭ, ಸುರಕ್ಷಿತ.

ಮೋಟಾರು ಮತ್ತೆ ಮತ್ತೆ ಸುಡುತ್ತಿದೆ ಎಂಬ ರೈತನ ದೂರಿಗೆ ಮಾತ್ರ ತಂತಿಯನ್ನು ಮೊದಲ ಆರೋಪಿಯಾಗಿ ನಿಲ್ಲಿಸಬೇಡಿ. ನಮ್ಮ ಪಾವಗಡ, ಮಧುಗಿರಿ ಕಡೆಯಾಗಲಿ, ಆಚೆ ಚಿಂತಾಮಣಿ, ಶ್ರೀನಿವಾಸಪುರವಾಗಲಿ, ಸಾವಿರ ಅಡಿ ದಾಟಿದ ಬೋರ್‌ವೆಲ್ ಹೊಸದೇನಲ್ಲ. 1,200 ಅಡಿ ಎಂದರೆ 366 ಮೀಟರ್ ಕೇಬಲ್. ಭಾರತೀಯ ಮಾನಕ ಐಎಸ್ 8130ರ ಪ್ರಕಾರ 4 ಚದರ ಮಿ.ಮೀ. ಬಳುಕುವ ತಾಮ್ರದ ಕೋರಿಗೆ ಕಿಲೋಮೀಟರಿಗೆ ಗರಿಷ್ಠ 4.95 ಓಮ್, 6 ಚದರ ಮಿ.ಮೀ.ಗೆ 3.30. 15 ಆಂಪ್ಸ್ ಎಳೆಯುವ ಮೂರು ಫೇಸ್ ಮೋಟಾರಿಗೆ 4ರ ಕೇಬಲ್ಲಿನಲ್ಲೇ ಸುಮಾರು 47 ವೋಲ್ಟ್ ಸೋರಿಹೋಗುತ್ತದೆ, 6ರಲ್ಲಿ 31. ಮೇಲೆ ಸ್ಟಾರ್ಟರಿನಲ್ಲಿ 380 ಇದ್ದರೆ ಕೆಳಗೆ ಮೋಟಾರಿಗೆ ಸಿಗುವುದು 333. ಅಷ್ಟರಲ್ಲಿ ಪಂಪು ತಿರುಗಬೇಕಾದರೆ ಕರೆಂಟು ಹೆಚ್ಚು ಎಳೆಯುತ್ತದೆ, ವೈಂಡಿಂಗ್ ಬೇಯುತ್ತದೆ. ಎಷ್ಟೇ ಶುದ್ಧ ತಾಮ್ರದಲ್ಲಿ ಸುತ್ತಿದರೂ ಅದೇ ಗತಿ. ಒಂದು ಫೇಸ್ ಹೋದಾಗ ಮೋಟಾರನ್ನು ನಿಲ್ಲಿಸುವ ಪ್ರಿವೆಂಟರನ್ನು ಬೈಪಾಸ್ ಮಾಡಿ ಓಡಿಸಿದ್ದರೆ ಕೇಳುವುದೇ ಬೇಡ.

ಹಾಗಾಗಿ ಮೋಟಾರು ಮೇಲೆತ್ತಿದ ದಿನ ಕೇಬಲ್ಲನ್ನೂ ಅಳೆಯಿರಿ. 6ರ ಕೇಬಲ್ ಎಂದು ಕೊಂಡದ್ದರ 100 ಮೀಟರಿಗೆ ಒಂದು ಕೋರಿನಲ್ಲಿ 20 ಡಿಗ್ರಿಯಲ್ಲಿ 0.33 ಓಮ್ ಮೀರಬಾರದು. ಎರಡು ಕೋರನ್ನು ಒಂದು ತುದಿಯಲ್ಲಿ ಕೂಡಿಸಿ ಇನ್ನೊಂದು ತುದಿಯಲ್ಲಿ ಓದಿದರೆ ಎರಡರಷ್ಟು ಬರುತ್ತದೆ, ಅರ್ಧ ಮಾಡಿಕೊಳ್ಳಿ. ಮೀರಿದ್ದರೆ ಒಂದು ಮೀಟರ್ ಕೋರನ್ನು ಸುಲಿದು ಅದರ ತಾಮ್ರ ತೂಗಿ. 6 ಚದರ ಮಿ.ಮೀ.ಗೆ ಮೀಟರಿಗೆ ಸುಮಾರು 53 ಗ್ರಾಂ ಇರಬೇಕು. ನಾನು ಕಂಡಂತೆ ಕೇಬಲ್ಲಿನಲ್ಲಿ ಲೋಹದ ಕಲ್ಮಶಕ್ಕಿಂತ ತಾಮ್ರದ ತೂಕ ಕದಿಯುವುದೇ ಹೆಚ್ಚು.

ಬ್ರೇಜ್ ಮಾಡಿದ ಕಡೆ ಬಿರುಕು

ಇದು ಬೇರೆಯೇ ಬಗೆಯ ದೋಷ, ಇದರಲ್ಲಿ ಆರೋಪಿ ಅತ್ಯುತ್ತಮ ವಾಹಕತೆಯ ತಾಮ್ರವೇ. ಲಕ್ಷಣ ಹೀಗೆ: ಗ್ಯಾಸ್ ಹಚ್ಚಿ ಲಗ್ ಅಥವಾ ಪಟ್ಟಿ ಬೆಸೆದಿದ್ದೀರಿ, ನೋಡಲು ಚೆನ್ನಾಗಿದೆ. ಕೆಲವು ದಿನದ ಮೇಲೆ ಬೆಸುಗೆಯ ಪಕ್ಕದಲ್ಲಿ, ಬೆಸುಗೆಯಲ್ಲಲ್ಲ, ತಾಮ್ರವೇ ಬಿರಿದಿದೆ. ಮುರಿದ ಮುಖ ಮಂಕಾಗಿ ಹರಳು ಹರಳಾಗಿ ಕಾಣುತ್ತದೆ, ಬಾಗಿಸಿದರೆ ಕಿತ್ತಳೆ ಸಿಪ್ಪೆಯಂತೆ ಮೇಲ್ಮೈ ಒಡೆಯುತ್ತದೆ.

ಇಟಿಪಿ ತಾಮ್ರದಲ್ಲಿ ಆಮ್ಲಜನಕ ತಾಮ್ರದ ಆಕ್ಸೈಡ್ ಆಗಿ ಹರಳುಗಳ ಅಂಚಿನಲ್ಲಿ ಕೂತಿರುತ್ತದೆ. ಆಮ್ಲಜನಕ ಕಡಿಮೆ, ಅಸಿಟಿಲಿನ್ ಹೆಚ್ಚು ಇರುವ ಜ್ವಾಲೆಯಲ್ಲಿ ಹೈಡ್ರೋಜನ್ ಇರುತ್ತದೆ. ತಾಮ್ರ 400 ಡಿಗ್ರಿ ಹತ್ತಿರ ಬಂದ ಮೇಲೆ ಈ ಹೈಡ್ರೋಜನ್ ಲೋಹದ ಒಳಗೇ ನುಗ್ಗಿ ಆಕ್ಸೈಡಿನ ಜೊತೆ ಸೇರಿ ನೀರಿನ ಆವಿಯಾಗುತ್ತದೆ. ಹೈಡ್ರೋಜನ್ ಪುಟ್ಟದು, ಒಳಗೆ ಹೋಗಬಲ್ಲದು. ಆವಿ ಹೊರಗೆ ಬರಲಾರದು. ಒಳಗಿನ ಒತ್ತಡ ಹರಳುಗಳನ್ನು ಸೀಳುತ್ತದೆ.

ಪತ್ತೆಗೆ ಅದೇ ಬಾರಿನಿಂದ ಒಂದು ಬೆರಳು ಅಗಲದ ತುಂಡು ಕತ್ತರಿಸಿ, ಗ್ಯಾಸ್ ಹೆಚ್ಚಿರುವ ಜ್ವಾಲೆಯಲ್ಲಿ ಕೆಂಪಗೆ ಕೆಲವು ನಿಮಿಷ ಹಿಡಿದು, ಆರಿದ ಮೇಲೆ ವೈಸಿನಲ್ಲಿ ಹಿಂದೆ ಮುಂದೆ ಬಾಗಿಸಿ. ಎಸಿ ಪೈಪಿನ ತುಂಡೊಂದನ್ನು ಹಾಗೆಯೇ ಕಾಯಿಸಿ ಪಕ್ಕದಲ್ಲಿ ಬಾಗಿಸಿ ನೋಡಿ. ಪೈಪು ಮಡಿಸಿಕೊಂಡು ಬರುತ್ತದೆ, ಇಟಿಪಿ ತುಂಡು ಬೇಗ ಬಿರಿಯುತ್ತದೆ. ಹಾಗಾದರೆ ಮಾಲಿನಲ್ಲಿ ಮೋಸವಿಲ್ಲ, ಕೆಲಸಕ್ಕೆ ಒಪ್ಪದ ದರ್ಜೆ ತಂದಿದ್ದೀರಿ ಅಥವಾ ಜ್ವಾಲೆ ತಪ್ಪಿದೆ. ಮುಂದೆ ಸಾಧ್ಯವಾದ ಕಡೆ ಕ್ರಿಂಪ್ ಅಥವಾ ಬೋಲ್ಟ್ ಮಾಡಿ. ಬೆಸೆಯಲೇಬೇಕಿದ್ದರೆ ಜ್ವಾಲೆ ಸಮನಾಗಿರಲಿ, ಕಾಯಿಸುವ ಹೊತ್ತು ಚಿಕ್ಕದಾಗಿರಲಿ. ದೊಡ್ಡ ಕೆಲಸವಾದರೆ ಆಮ್ಲಜನಕವಿಲ್ಲದ ದರ್ಜೆಯನ್ನೇ ತರಿಸಿ. ಎಸಿ, ಶೀತಲೀಕರಣದ ಪೈಪ್ ಕೆಲಸಕ್ಕೆ ಡಿಎಚ್‌ಪಿಯೇ ಸರಿ, ಅಲ್ಲಿ ವಾಹಕತೆ 85 ಇದ್ದರೂ ಯಾರಿಗೂ ತೊಂದರೆಯಿಲ್ಲ.

ಬೆಂಡ್ ಮಾಡುವಾಗ ಹೊರಬದಿ ಸೀಳಿತು ಎಂಬ ದೂರು ಬೇರೆ. ಬೆಂಕಿ ತಾಗದ ಬಾರ್ ಸೀಳಿದರೆ ಸಾಮಾನ್ಯವಾಗಿ ಅದು ಗಡಸು ಹೆಚ್ಚಾದದ್ದು, ಇಲ್ಲವೇ ಬೆಂಡಿನ ಒಳ ತ್ರಿಜ್ಯ ತೀರಾ ಚಿಕ್ಕದಾದದ್ದು. ಶುದ್ಧತೆಯ ತಂಟೆಗೆ ಹೋಗಬೇಡಿ.

ಲ್ಯಾಬಿಗೆ ಕೊಡುವಾಗ

ಗುಜರಿ ಅಂಗಡಿಯಲ್ಲಿ ಈಗ ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಗನ್ ಆಕಾರದ ಎಕ್ಸ್‌ಆರ್‌ಎಫ್ ಇರುತ್ತದೆ, ಕ್ಷಣದಲ್ಲಿ 99.9 ತೋರಿಸುತ್ತದೆ. ಹಿತ್ತಾಳೆ, ಕಂಚು, ತವರ, ಸೀಸ ಬೆರೆತಿದ್ದರೆ ಹಿಡಿಯಲು ಅದು ಚೆನ್ನ. ಆದರೆ ಆಮ್ಲಜನಕ ಅದಕ್ಕೆ ಕಾಣುವುದೇ ಇಲ್ಲ, ನೂರಿನ್ನೂರು ಪಿಪಿಎಂ ರಂಜಕದ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಇಟಿಪಿ, ಡಿಎಚ್‌ಪಿ, ಆಮ್ಲಜನಕರಹಿತ, ಮೂರಕ್ಕೂ ಅದು ಒಂದೇ ಉತ್ತರ ಕೊಡುತ್ತದೆ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಹೋದಾಗ "ಪ್ಯೂರಿಟಿ ಟೆಸ್ಟ್ ಮಾಡಿಕೊಡಿ" ಎಂದರೆ ಸಾಲದು. ಸ್ಪಾರ್ಕ್ ಸ್ಪೆಕ್ಟ್ರೋಮೀಟರಿನಲ್ಲಿ ರಂಜಕ, ಕಬ್ಬಿಣ, ಸೀಸ, ತವರ, ಸತು, ಆರ್ಸೆನಿಕ್ ಬೇಕು ಎಂದು ಬರೆದುಕೊಡಿ, ವಾಹಕತೆ ಬೇರೆಯಾಗಿ ಕೇಳಿ. ಬ್ರೇಜಿಂಗ್ ದೂರಿದ್ದರೆ ಆಮ್ಲಜನಕವನ್ನೂ ಕೇಳಿ, ಅದಕ್ಕೆ ತುಂಡನ್ನು ಗ್ರಾಫೈಟ್ ಮೂಸೆಯಲ್ಲಿ ಕರಗಿಸುವ ಬೇರೆ ಯಂತ್ರ ಬೇಕು. ಸ್ಪೆಕ್ಟ್ರೋ ವರದಿಯ ತಾಮ್ರದ ಶೇಕಡ ಸಾಮಾನ್ಯವಾಗಿ ಅಳೆದದ್ದಲ್ಲ, ನೂರರಿಂದ ಕಲ್ಮಶಗಳ ಮೊತ್ತ ಕಳೆದದ್ದು. ಯಂತ್ರ ನೋಡದಿದ್ದ ಕಲ್ಮಶವೂ ತಾಮ್ರದ ಲೆಕ್ಕಕ್ಕೇ ಜಮೆಯಾಗುತ್ತದೆ.

ಎಡ್ಡಿ ಕರೆಂಟ್ ವಾಹಕತಾ ಮೀಟರ್ ಇರುವ ಕಡೆ ಕೆಲಸ ಐದು ನಿಮಿಷದ್ದು. ತವರ ಲೇಪನ ಇದ್ದರೆ ಆ ಜಾಗದಲ್ಲಿ ಕೆರೆದು ಬೆತ್ತಲೆ ತಾಮ್ರದ ಮೇಲೆ ಇಡಿ.

ತುಂಡು ತೆಗೆಯುವಾಗ ಬಂಡಲಿನ ಹೊರಗಿನ ಬಾರನ್ನೇ ತೆಗೆಯಬೇಡಿ, ನಡುವಿನಿಂದ ಎಳೆಯಿರಿ. ಒಂದೇ ತುಂಡನ್ನು ಎರಡು ಮಾಡಿ, ಒಂದನ್ನು ಕವರಿನಲ್ಲಿ ಹಾಕಿ ಮಾರಿದವರ ಸಹಿಯ ಜೊತೆ ಸೀಲ್ ಮಾಡಿ ಇಟ್ಟುಕೊಳ್ಳಿ. ಹೀಟ್ ನಂಬರ್, ಅಂದರೆ ಒಂದೇ ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ, ಬಾರಿನ ಮೇಲೂ ಸರ್ಟಿಫಿಕೇಟಿನ ಮೇಲೂ ಒಂದೇ ಇದೆಯೇ ನೋಡಿ. ಬೇರೆ ಇದ್ದರೆ ಆ ಕಾಗದ ನಿಮ್ಮ ಮಾಲಿನದ್ದಲ್ಲ.

ಆರ್ಡರ್ ಹಾಕುವಾಗ

ಫೋನಿನಲ್ಲಿ "ಅಣ್ಣ, ಒಳ್ಳೆ ತಾಮ್ರ ಕಳಿಸು" ಎಂದು ಹೇಳಿ ಆಮೇಲೆ ದೂರಿದರೆ ಯಾರೂ ಕೇಳುವುದಿಲ್ಲ. ಕಾಗದದಲ್ಲಿ ಇಷ್ಟು ಬರಲಿ: ಇಟಿಪಿ ದರ್ಜೆ, 20 ಡಿಗ್ರಿಯಲ್ಲಿ ವಾಹಕತೆ ಕನಿಷ್ಠ ಇಂತಿಷ್ಟು, ಅಗಲ ದಪ್ಪದ ಟಾಲರೆನ್ಸ್, ಮೆತ್ತಗೋ ಅರೆಗಡಸೋ, ಮೀಟರಿಗೆ ಕನಿಷ್ಠ ತೂಕ, ಹೀಟ್ ನಂಬರ್ ಸಹಿತ ಸರ್ಟಿಫಿಕೇಟ್, ಪರೀಕ್ಷೆಯಲ್ಲಿ ಬೀಳುವ ಮಾಲು ವಾಪಸ್. ವಾಹಕತೆಯ ಸಾಲೊಂದಿದ್ದರೆ ಶುದ್ಧತೆಯ ಮುಕ್ಕಾಲು ವಾದ ತಾನಾಗಿ ತೀರುತ್ತದೆ.

ದರವೂ ಸುಳಿವು ಕೊಡುತ್ತದೆ. ನಮ್ಮ ದೇಶದ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನ ದರ ಮೊಬೈಲಿನಲ್ಲೇ ಸಿಗುತ್ತದೆ. ಕ್ಯಾಥೋಡ್ ಕೊಂಡು, ಕರಗಿಸಿ, ಎಳೆದು, ಸಾಗಿಸಿ ತಂದ ಬಾರ್ ಕ್ಯಾಥೋಡಿಗಿಂತ ಅಗ್ಗವಾಗಲು ಸಾಧ್ಯವೇ ಇಲ್ಲ. ಅಗ್ಗವಾಗಿ ಬಂದರೆ ಅದು ಗುಜರಿ ಕರಗಿಸಿದ ಮಾಲು. ಗುಜರಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಬೆಸುಗೆಯಿಲ್ಲದ, ಲೇಪನವಿಲ್ಲದ ಹೊಳೆಯುವ ತಂತಿಯನ್ನೇ ಆರಿಸಿ ಕರಗಿಸಿದರೆ, ಅಥವಾ ಮತ್ತೆ ವಿದ್ಯುದ್ವಿಭಜನೆ ಮಾಡಿದರೆ ಹೊಸದಕ್ಕೆ ಸಮ. ಆದರೆ ರೇಡಿಯೇಟರಿನ ಸೀಸ ತವರ, ನಲ್ಲಿಯ ಹಿತ್ತಾಳೆ, ಎಸಿ ಪೈಪಿನ ರಂಜಕ ಒಂದೇ ಕುಲುಮೆಗೆ ಬಿದ್ದು, ಅದನ್ನು ಶುದ್ಧಿ ಮಾಡದೆ ಬಾರ್ ಎಳೆದರೆ ಆ ಒಂದು ಬ್ಯಾಚಿನಲ್ಲಿ ಏನು ಬರುತ್ತದೆಂದು ಎಳೆದವನಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಅಂಥ ಮಾಲಿನ ಒಂದು ಬಾರ್ ಪಾಸಾಯಿತೆಂದು ಇಡೀ ಲಾಟ್ ಒಪ್ಪಬೇಡಿ, ಪ್ರತಿ ಹೀಟ್‌ನಿಂದಲೂ ತುಂಡು ತೆಗೆಯಿರಿ.

ಡಿಎಚ್‌ಪಿ ಬಾರ್ ಬಂದುಬಿಟ್ಟಿದೆ, ವಾಪಸ್ ಹೋಗುವಂತಿಲ್ಲ ಎಂದಾದರೆ ಎಸೆಯಬೇಕಿಲ್ಲ. ವಾಹಕತೆ ಅಳೆದು ಹೊಸ ಲೆಕ್ಕ ಹಾಕಿ. 85 ಬಂದಿದ್ದರೆ 50×6ರ 300 ಚದರ ಮಿ.ಮೀ. ಕೆಲಸಕ್ಕೆ 255ರಷ್ಟೇ, ಅಂದರೆ 40×6ರ ಇಟಿಪಿ ಬಾರ್ ಸಾಕಾಗುವ ಫೀಡರಿಗೆ ಅದನ್ನು ಹಾಕಬಹುದು. ಬಾರಿನ ಉದ್ದಕ್ಕೂ ಬೇರೆ ಬಣ್ಣದ ಪೇಂಟಿನ ಗೆರೆ ಎಳೆದು ಬೇರೆ ರ‍್ಯಾಕಿನಲ್ಲಿಡಿ, ಡ್ರಾಯಿಂಗಿನಲ್ಲೂ ಬರೆಯಿರಿ. ನಾಲ್ಕು ವರ್ಷದ ಮೇಲೆ ಯಾರೋ ಲೋಡು ಹೆಚ್ಚಿಸಲು ಬಂದು, 50×6 ಇದೆಯಲ್ಲ ಎಂದು ದೊಡ್ಡ ಬ್ರೇಕರ್ ಕೂರಿಸಿದರೆ ಆ ಪ್ಯಾನಲ್ ಕಾಯುವುದಕ್ಕೆ ಆಗ ತಾಮ್ರವೇ ಕಾರಣವಾಗುತ್ತದೆ.